ಅಣ್ಣನ ಹಚ್ಚೆಗೊಂದು ಪ್ರಶ್ನೆ, ತಂಗಿಯ ಹಚ್ಚೆಗೆ ಇನ್ನೊಂದು: ಹಚ್ಚೆಯನ್ನೂ ಉಡುಗೆಯನ್ನೂ ಗಂಡು-ಹೆಣ್ಣೆಂಬ ಅಳತೆಗೋಲಿನಿಂದ ಅಳೆಯಬೇಕೇ?

ಚರ್ಚೆ ಆರಂಭಿಸಿದವರು: ಇಬ್ಬರು ಮಕ್ಕಳ ತಾಯಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳ ಹಿಂದೆ ನನ್ನ ಮಗ ಮುಂದೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡು ಮನೆಗೆ ಬಂದಾಗ ನಾನು ಕೇಳಿದ ಮೊದಲ ಮಾತು ‘ತುಂಬಾ ನೋವಾಯಿತೇನೋ?’ ಎಂಬುದು. ಕಳೆದ ತಿಂಗಳು ಮಗಳು ಅದೇ ಜಾಗದಲ್ಲಿ, ಹೆಚ್ಚುಕಡಿಮೆ ಅಷ್ಟೇ ಗಾತ್ರದ ಹಚ್ಚೆ ಹಾಕಿಸಿಕೊಂಡು ಬಂದಳು. ಆಗ ನನ್ನ ಬಾಯಿಂದ ಬಂದದ್ದು ‘ಇದು ಸಾಯುವ ತನಕ ಹೋಗುವುದಿಲ್ಲ, ಯೋಚಿಸಿದ್ದೀಯಾ? ನೋಡಿದವರು ಏನಂದುಕೊಳ್ಳುತ್ತಾರೆ?’ ಎಂಬ ಮಾತು. ಅವಳು ಜಗಳವಾಡಲಿಲ್ಲ. ‘ಅಣ್ಣನದು ಹೋಗುತ್ತದೆಯೇ ಅಮ್ಮ?’ ಎಂದಷ್ಟೇ ಕೇಳಿ ತನ್ನ ಕೋಣೆಗೆ ಹೋದಳು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹೆಣ್ಣುಮಕ್ಕಳನ್ನು ಕಡಿಮೆಯೆಂದು ಎಂದೂ ಎಣಿಸಿದವಳಲ್ಲ ನಾನು. ಇಬ್ಬರಿಗೂ ಒಂದೇ ಓದು, ಒಂದೇ ಸ್ವಾತಂತ್ರ್ಯ ಕೊಟ್ಟಿದ್ದೇನೆಂಬ ನಂಬಿಕೆ ನನಗಿತ್ತು. ಆದರೂ ಮಗನ ತೋಳಿನಲ್ಲಿ ನನಗೆ ಕಂಡದ್ದು ಅವನ ಧೈರ್ಯ, ಮಗಳ ತೋಳಿನಲ್ಲಿ ಕಂಡದ್ದು ಊರಿನವರ ಕಣ್ಣು. ಅಂದಿನಿಂದ ನಾನು ನನಗೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಒಬ್ಬರ ಹಚ್ಚೆ, ಕೂದಲು, ಉಡುಗೆಯ ಬಗ್ಗೆ ಆಕ್ಷೇಪ ಹೇಳಬೇಕೆನಿಸಿದಾಗ, ಆ ಜಾಗದಲ್ಲಿ ಗಂಡಿಗೆ ಬದಲು ಹೆಣ್ಣನ್ನು, ಹೆಣ್ಣಿಗೆ ಬದಲು ಗಂಡನ್ನು ನಿಲ್ಲಿಸಿ ನೋಡುವುದು. ಅದಲುಬದಲಾದ ಮೇಲೂ ಆಕ್ಷೇಪ ಉಳಿದರೆ ಅದಕ್ಕೆ ಬೇರೆ ಕಾರಣವಿದೆ ಎಂದರ್ಥ. ಉಳಿಯದಿದ್ದರೆ ನಾನು ಆಕ್ಷೇಪಿಸುತ್ತಿರುವುದು ಹಚ್ಚೆಯನ್ನಲ್ಲ. ಈ ಪರೀಕ್ಷೆ ಸಾಕೇ, ಇದರಲ್ಲಿ ದೋಷವೇನಾದರೂ ಇದೆಯೇ ಎಂಬುದನ್ನು ನಿಮ್ಮೆಲ್ಲರಿಂದ ತಿಳಿಯಬೇಕಾಗಿದೆ.

ಇತಿಹಾಸದ ವಿದ್ಯಾರ್ಥಿ

ಅಮ್ಮಾ, ನಿಮ್ಮ ಪರೀಕ್ಷೆಯನ್ನು ಇತಿಹಾಸ ಮತ್ತೆ ಮತ್ತೆ ಮಾಡಿ ತೋರಿಸಿದೆ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಓಟ್ಜಿ ಎಂದು ಕರೆಯಲಾಗುವ, ಸುಮಾರು 5,300 ವರ್ಷ ಹಳೆಯ ಪುರುಷನ ದೇಹದ ಮೇಲೆ 61 ಹಚ್ಚೆ ಗುರುತುಗಳಿವೆ. ಅವುಗಳಲ್ಲಿ ಹೆಚ್ಚಿನವು ಸೊಂಟದ ಹಿಂಭಾಗ, ಮೊಣಕಾಲು, ಕಣಕಾಲುಗಳ ಬಳಿ, ಅಂದರೆ ನೋವು ಬರುವ ಕಡೆಗಳಲ್ಲಿಯೇ ಇರುವುದರಿಂದ, ಅವು ಅಲಂಕಾರಕ್ಕಿಂತ ಚಿಕಿತ್ಸೆಗಾಗಿ ಹಾಕಿಸಿಕೊಂಡವಾಗಿರಬಹುದು ಎಂದು ಹಲವು ಸಂಶೋಧಕರು ಭಾವಿಸುತ್ತಾರೆ. ಅಲ್ಲಿ ಗಂಡಸುತನದ ಪ್ರಶ್ನೆಯೇ ಇರಲಿಲ್ಲವೇನೋ.

ಈಜಿಪ್ಟಿನ ವಿಷಯ ಇನ್ನೂ ಹತ್ತಿರದ್ದು. ಹಾಥೋರ್ ದೇವತೆಯ ಅರ್ಚಕಿಯಾಗಿದ್ದ ಅಮುನೆಟ್ ಎಂಬಾಕೆಯ ಸಂರಕ್ಷಿತ ಶವ 1891ರಲ್ಲಿ ದೊರೆಯಿತು. ಮೈಮೇಲೆ ಚುಕ್ಕೆ ಮತ್ತು ಗೆರೆಗಳ ಹಚ್ಚೆಗಳಿದ್ದವು. ಹಚ್ಚೆಯಿರುವ ಇಂಥ ಹೆಂಗಸರನ್ನು ಆ ಕಾಲದ ವಿದ್ವಾಂಸರು ನರ್ತಕಿಯರೆಂದೋ ಉಪಪತ್ನಿಯರೆಂದೋ ಊಹಿಸಿದರು. ಅಗೆದು ತೆಗೆದವರು ತಮ್ಮ ಕಾಲದ ಕಣ್ಣನ್ನೇ ಸಾವಿರಾರು ವರ್ಷ ಹಿಂದಕ್ಕೆ ಒಯ್ದು, ಅರ್ಚಕಿಯೊಬ್ಬಳ ಶೀಲಕ್ಕೆ ತೀರ್ಪು ಕೊಟ್ಟುಬಿಟ್ಟಿದ್ದರು. ಇನ್ನೊಂದೆಡೆ, ಆ ನಾಡಿನಲ್ಲಿ ಅಷ್ಟು ಹಿಂದೆ ಹಚ್ಚೆ ಹಾಕಿಸಿಕೊಳ್ಳುತ್ತಿದ್ದವರು ಹೆಂಗಸರು ಮಾತ್ರ ಎಂಬ ಗ್ರಹಿಕೆ ಬಹುಕಾಲ ಉಳಿದಿತ್ತು. ಬ್ರಿಟಿಷ್ ಮ್ಯೂಸಿಯಂನಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಇದ್ದ, ಈಜಿಪ್ಟಿನ ಗೆಬೆಲೀನ್‌ನಲ್ಲಿ ದೊರೆತ ಪುರುಷನ ದೇಹವನ್ನು ಅವಗೆಂಪು ಕಿರಣಗಳ ಸಹಾಯದಿಂದ ಮತ್ತೊಮ್ಮೆ ಪರೀಕ್ಷಿಸಿದಾಗ, ಕಪ್ಪು ಕಲೆಯೆಂದು ಎಣಿಸಿದ್ದ ಜಾಗದಲ್ಲಿ ಕಾಡುಗೂಳಿಯ ಮತ್ತು ಕೊಂಬಿನ ಕುರಿಯ ಚಿತ್ರಗಳು ಕಂಡವು. 2018ರಲ್ಲಿ ಈ ಸಂಗತಿ ಪ್ರಕಟವಾಯಿತು. ಗಂಡಸಿನ ತೋಳಿನಲ್ಲಿ ಹಚ್ಚೆ ಇರಬಹುದೆಂದು ಯಾರೂ ಹುಡುಕಿರಲಿಲ್ಲ.

ಉಡುಗೆಯ ಕಥೆಯೂ ಇಷ್ಟೇ. ಎತ್ತರದ ಹಿಮ್ಮಡಿಯ ಪಾದರಕ್ಷೆ ಪರ್ಷಿಯಾದ ಕುದುರೆ ಸವಾರರ ಕಾಲಿಗೆ ರಿಕಾಪಿನಲ್ಲಿ ಹಿಡಿತ ಸಿಗಲೆಂದು ಬಳಕೆಯಲ್ಲಿದ್ದದ್ದು. 17ನೇ ಶತಮಾನದ ಯುರೋಪಿನಲ್ಲಿ ಅದು ಶ್ರೀಮಂತ ಗಂಡಸರ ಗತ್ತಿನ ಗುರುತಾಯಿತು, ಫ್ರಾನ್ಸಿನ 14ನೇ ಲೂಯಿ ದೊರೆ ಕೆಂಪು ಹಿಮ್ಮಡಿಯನ್ನು ತೊಟ್ಟೇ ಚಿತ್ರಕ್ಕೆ ನಿಂತಿದ್ದಾನೆ. 1918ರಲ್ಲಿ ಅಮೆರಿಕದ ಮಕ್ಕಳ ಉಡುಪಿನ ವ್ಯಾಪಾರ ಪತ್ರಿಕೆಯೊಂದು, ಗುಲಾಬಿ ಬಣ್ಣ ಗಟ್ಟಿಯಾದದ್ದಾದ್ದರಿಂದ ಹುಡುಗರಿಗೂ, ನೀಲಿ ಸುಕುಮಾರವಾದದ್ದಾದ್ದರಿಂದ ಹುಡುಗಿಯರಿಗೂ ಒಪ್ಪುತ್ತದೆ ಎಂದು ಬರೆದಿತ್ತು. ಪ್ಯಾರಿಸ್ಸಿನಲ್ಲಿ ಹೆಂಗಸರು ಪೊಲೀಸರ ಅನುಮತಿಯಿಲ್ಲದೆ ಪ್ಯಾಂಟು ತೊಡಬಾರದೆಂದು 1800ರಲ್ಲಿ ಹೊರಡಿಸಿದ ಆದೇಶಕ್ಕೆ ಬೆಲೆಯಿಲ್ಲವೆಂದು ಸರ್ಕಾರ ವಿಧಿವತ್ತಾಗಿ ಹೇಳಿದ್ದು 2013ರಲ್ಲಿ. ಹೆಣ್ಣಿನದು, ಗಂಡಿನದು ಎಂಬ ಚೀಟಿ ಇಷ್ಟು ಸಲ ಕಿತ್ತುಬಂದು ಮತ್ತೊಂದು ಕಡೆ ಅಂಟಿಕೊಂಡಿರುವಾಗ, ಅದು ವಸ್ತುವಿನ ಸ್ವಭಾವವೆಂದು ನಂಬುವುದು ನನಗೆ ಸಾಧ್ಯವಾಗುತ್ತಿಲ್ಲ.

ನಿವೃತ್ತ ಅಧ್ಯಾಪಕ

ವಿದ್ಯಾರ್ಥಿಯವರು ಕೊಟ್ಟ ವಿವರಗಳನ್ನು ಒಪ್ಪುತ್ತೇನೆ, ಅವರು ಮುಟ್ಟಿದ ತೀರ್ಮಾನವನ್ನು ಪೂರ್ತಿಯಾಗಿ ಒಪ್ಪಲಾರೆ. ಚೀಟಿ ಬದಲಾಗಿದೆ ಎಂದ ಮಾತ್ರಕ್ಕೆ ಚೀಟಿಯೇ ಬೇಡವೆಂದಾಗುವುದಿಲ್ಲ. ಪದಗಳ ಅರ್ಥವೂ ಶತಮಾನಗಳಲ್ಲಿ ಬದಲಾಗುತ್ತದೆ, ಹಾಗೆಂದು ಇಂದು ಆಡುವ ಮಾತಿಗೆ ಅರ್ಥವಿಲ್ಲವೆನ್ನುತ್ತೇವೆಯೇ? ಉಡುಗೆ-ತೊಡುಗೆಯೂ ಒಂದು ಭಾಷೆ, ಆ ಭಾಷೆಯಲ್ಲಿ ಗಂಡು-ಹೆಣ್ಣಿನ ವ್ಯತ್ಯಾಸವೂ ಒಂದು ವ್ಯಾಕರಣ.

ಜಗತ್ತಿನ ಅತ್ಯಂತ ಗೌರವಾನ್ವಿತ ಹಚ್ಚೆ ಪರಂಪರೆಗಳನ್ನೇ ನೋಡಿ. ನ್ಯೂಜಿಲೆಂಡಿನ ಮಾವೋರಿ ಜನರಲ್ಲಿ ಹೆಂಗಸರು ತುಟಿ ಮತ್ತು ಗಲ್ಲದ ಮೇಲೆ ಹಾಕಿಸಿಕೊಳ್ಳುವ ‘ಮೋಕೊ ಕೌವಾಯಿ’ ಬೇರೆ, ಗಂಡಸರ ಮುಖವನ್ನು ತುಂಬುವ ಗುರುತು ಬೇರೆ. ಸಮೋವಾದಲ್ಲಿ ಗಂಡಸರ ‘ಪೆಅ’ ಸೊಂಟದಿಂದ ಮೊಣಕಾಲಿನವರೆಗೆ ದಟ್ಟವಾಗಿ ತುಂಬಿರುತ್ತದೆ, ಹೆಂಗಸರ ‘ಮಾಲು’ ತೊಡೆಯ ಮೇಲೆ ವಿರಳವಾದ ಗೆರೆಗಳಲ್ಲಿರುತ್ತದೆ. ಅವುಗಳನ್ನು ಅದಲುಬದಲು ಮಾಡಿದರೆ ಆ ಜನ ಒಪ್ಪುವುದಿಲ್ಲ. ತಾಯಿಯವರ ಪರೀಕ್ಷೆಯ ಪ್ರಕಾರ ಅವರೆಲ್ಲರೂ ತಪ್ಪು ಮಾಡುತ್ತಿದ್ದಾರೆಯೇ? ಇದಕ್ಕೆ ಉತ್ತರ ಸಿಗದೆ ಆ ಪರೀಕ್ಷೆಯನ್ನು ನಾನು ಒಪ್ಪಿಕೊಳ್ಳಲಾರೆ.

ಹಚ್ಚೆ ಕಲಾವಿದೆ

ಅಧ್ಯಾಪಕರ ಪ್ರಶ್ನೆ ಸರಿಯಾದದ್ದು. ಹದಿನಾಲ್ಕು ವರ್ಷಗಳಿಂದ ಈ ಕೆಲಸದಲ್ಲಿರುವ ನನ್ನ ಅನುಭವದ ಮೇಲೆ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಮೋಕೊ ಕೌವಾಯಿ ಹೆಣ್ಣಿನ ಮೇಲಿನ ತೀರ್ಪಲ್ಲ, ಅದು ಆಕೆಯ ವಂಶದ ಹೇಳಿಕೆ. ಅದನ್ನು ಧರಿಸುವವಳು ತನ್ನವರೊಡನೆ ಕೂಡಿ ಅದರ ಅರ್ಥವನ್ನು ಉಳಿಸಿಕೊಳ್ಳುತ್ತಾಳೆ. ನನೈಯಾ ಮಹುಟಾ ಅವರು 2016ರಲ್ಲಿ ಆ ಗುರುತನ್ನು ಧರಿಸಿ ಸಂಸತ್ತಿಗೆ ಬಂದರು, 2020ರಲ್ಲಿ ಅದೇ ಮುಖದಿಂದ ದೇಶದ ವಿದೇಶಾಂಗ ಸಚಿವೆಯಾದರು. ಇದಕ್ಕೆ ಎದುರಾಗಿ ಜಪಾನಿನ ಉತ್ತರ ಭಾಗದ ಮೂಲನಿವಾಸಿಗಳಾದ ಐನು ಜನರನ್ನು ನೋಡಿ. ಆ ಹೆಂಗಸರು ತುಟಿಯ ಸುತ್ತ ಹಾಕಿಸಿಕೊಳ್ಳುತ್ತಿದ್ದ ಹಚ್ಚೆಯನ್ನು ಜಪಾನಿನ ಆಡಳಿತ 1871ರಲ್ಲಿ ನಿಷೇಧಿಸಿತು. ಆ ಹೆಂಗಸರಿಗೆ ಹಚ್ಚೆ ಅಂದವೂ ಆಗಿತ್ತು, ಹಿರಿತನವೂ ಆಗಿತ್ತು. ಅದು ಅನಾಗರಿಕವೆಂದು ಹೇಳಿದವರು ಹೊರಗಿನವರು. ಆದ್ದರಿಂದ ಗುರುತಿನಲ್ಲಿ ಹೆಣ್ತನವೋ ಗಂಡಸುತನವೋ ಇದೆಯೇ ಎಂಬುದಕ್ಕಿಂತ, ಅದರ ಅರ್ಥವನ್ನು ಹೇಳುವ ಹಕ್ಕು ಯಾರ ಕೈಯಲ್ಲಿದೆ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಧರಿಸಿದವರ ಕೈಯಲ್ಲಿದ್ದರೆ ಅದು ಪರಂಪರೆ. ದಾರಿಹೋಕರ ಕೈಗೆ ಹೋದರೆ ಅದು ಹೊರೆಯಾಗುತ್ತದೆ.

ನನ್ನ ಕುರ್ಚಿಯಲ್ಲಿ ಕುಳಿತ ಗಂಡಸರು ‘ಚೆನ್ನಾಗಿ ಕಾಣುತ್ತದೆ’ ಎಂಬ ಒಂದೇ ಕಾರಣ ಹೇಳಿ ತೋಳು ಚಾಚುತ್ತಾರೆ. ಹೆಂಗಸರಲ್ಲಿ ಹೆಚ್ಚಿನವರು ನಾನು ಕೇಳದಿದ್ದರೂ ಕಾರಣದ ಕಥೆಯೊಂದನ್ನು ಸಿದ್ಧಪಡಿಸಿಕೊಂಡು ಬಂದಿರುತ್ತಾರೆ: ಅಜ್ಜಿಯ ನೆನಪು, ಗೆದ್ದ ಕಾಯಿಲೆ, ಮಗುವಿನ ಹೆಸರು. ಕಥೆಗಳು ಸುಳ್ಳೆಂದು ನಾನು ಹೇಳುತ್ತಿಲ್ಲ, ಕೆಲವನ್ನು ಕೇಳಿ ಸೂಜಿ ಕೆಳಗಿಟ್ಟು ಕಣ್ಣೊರೆಸಿಕೊಂಡಿದ್ದೇನೆ. ಆದರೆ ಹೊರಗೆ ಹೋದ ಮೇಲೆ ಯಾರಿಗೋ ಸಮಜಾಯಿಷಿ ಕೊಡಬೇಕಾಗುತ್ತದೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ಬರಿಯ ಅಂದಕ್ಕಾಗಿ ಹಾಕಿಸಿಕೊಂಡೆ ಎನ್ನುವ ಸ್ವಾತಂತ್ರ್ಯ ಅವರಿಗೆ ಇನ್ನೂ ಪೂರ್ತಿ ಸಿಕ್ಕಿಲ್ಲ. ಸೊಂಟದ ಹಿಂಭಾಗದ ಹಚ್ಚೆಗಂತೂ, ಅದು ಹೆಣ್ಣಿನ ಮೈಮೇಲಿದ್ದರೆ ಮಾತ್ರ ಅನ್ವಯಿಸುವ ಒಂದು ಅವಮಾನಕರ ಹೆಸರು ಇಂಗ್ಲಿಷಿನಲ್ಲಿ ಬೇರೂರಿದೆ. ಅದೇ ಜಾಗದಲ್ಲಿ ಗಂಡಸೊಬ್ಬ ಹಾಕಿಸಿಕೊಂಡರೆ ಅದಕ್ಕೆ ಯಾವ ಹೆಸರೂ ಇಲ್ಲ.

ಈ ಕಸುಬು ಗಂಡಸರದ್ದೆಂಬ ಮಾತನ್ನೂ ಕೇಳುತ್ತಿರುತ್ತೇನೆ. ಆರ್ಕ್ಟಿಕ್ ಹಿಮಪ್ರದೇಶದ ಇನೂಟ್ ಸಮುದಾಯದಲ್ಲಿ ತಲೆತಲಾಂತರದಿಂದ ಹಚ್ಚೆ ಹಾಕುತ್ತಿದ್ದವರೂ ಹಾಕಿಸಿಕೊಳ್ಳುತ್ತಿದ್ದವರೂ ಮುಖ್ಯವಾಗಿ ಹೆಂಗಸರೇ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲಿ ವಿದ್ಯುತ್ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೂ, ಸರ್ಕಸ್ ಕಲಾವಿದೆ ಮಾಡ್ ವ್ಯಾಗ್ನರ್ ಯಂತ್ರವಿಲ್ಲದೆ ಕೈಯಿಂದಲೇ ಚುಚ್ಚುವ ಕಲೆಯಲ್ಲಿ ಹೆಸರು ಮಾಡಿದಳು. ಫಿಲಿಪೀನ್ಸಿನ ಕಲಿಂಗಾ ಸಮುದಾಯದ ಹಚ್ಚೆ ಕಲಾವಿದೆ ವಾಂಗ್-ಓಡ್ ಅವರು 2023ರಲ್ಲಿ, 106ನೇ ವಯಸ್ಸಿನಲ್ಲಿ, ‘ವೋಗ್’ ಪತ್ರಿಕೆಯ ಫಿಲಿಪೀನ್ಸ್ ಆವೃತ್ತಿಯ ಮುಖಪುಟಕ್ಕೆ ಬಂದಾಗ ನಾನು ಆ ಚಿತ್ರವನ್ನು ಕೆಲಸದ ಮೇಜಿನ ಎದುರು ಅಂಟಿಸಿಕೊಂಡೆ.

ಇನ್ನು ಚರ್ಮದ ಮಾತು. ಸೂಜಿ ಮೇಲ್ಪದರವನ್ನು ದಾಟಿ ಒಂದೆರಡು ಮಿಲಿಮೀಟರ್ ಒಳಗಿನ ಒಳಚರ್ಮಕ್ಕೆ ಬಣ್ಣ ಇಳಿಸುತ್ತದೆ. ಅಲ್ಲಿನ ರಕ್ಷಕ ಕೋಶಗಳು ಆ ಕಣಗಳನ್ನು ನುಂಗುತ್ತವೆ, ಅರಗಿಸಲಾರದೆ ಹಿಡಿದಿಟ್ಟುಕೊಳ್ಳುತ್ತವೆ. ಒಂದು ಕೋಶ ಸತ್ತರೆ ಅದು ಬಿಟ್ಟ ಬಣ್ಣವನ್ನು ಇನ್ನೊಂದು ನುಂಗುತ್ತದೆ. ಹಚ್ಚೆ ಉಳಿಯುವುದು ಹೀಗೆ. ಗಂಡಿಗೂ ಹೆಣ್ಣಿಗೂ ಇದೇ.

ಉಗುರಿಗೆ ಬಣ್ಣ ಹಚ್ಚುವವನು

ಈ ತನಕ ಹೆಣ್ಣುಮಕ್ಕಳ ಕಷ್ಟದ ಮಾತೇ ಹೆಚ್ಚು ಬಂದಿದೆ, ಅದು ನ್ಯಾಯವೇ. ಆದರೆ ಅಳತೆಗೋಲಿನ ಇನ್ನೊಂದು ತುದಿಯಲ್ಲಿ ನಾವೂ ಇದ್ದೇವೆ. ನನ್ನ ಮೈಮೇಲೆ ನಾಲ್ಕು ಹಚ್ಚೆಗಳಿವೆ, ಆ ಬಗ್ಗೆ ಯಾರೂ ಒಂದು ಮಾತು ಆಡಿದವರಿಲ್ಲ. ಒಂದು ದಿನ ಕಿರುಬೆರಳಿನ ಉಗುರಿಗೆ ಕಡುನೀಲಿ ಬಣ್ಣ ಹಚ್ಚಿಕೊಂಡು ಕೆಲಸಕ್ಕೆ ಹೋದಾಗ ಮೂವರು ನಕ್ಕರು, ಒಬ್ಬರು ನನ್ನನ್ನು ಬದಿಗೆ ಕರೆದು ‘ಎಲ್ಲ ಸರಿಯಾಗಿದೆಯಷ್ಟೇ?’ ಎಂದು ಕಾಳಜಿಯಿಂದ ವಿಚಾರಿಸಿದರು. ಸಾಯುವ ತನಕ ಉಳಿಯುವ ನಾಲ್ಕು ಗುರುತುಗಳು ಯಾರಿಗೂ ಆತಂಕ ತರಲಿಲ್ಲ, ಹತ್ತು ನಿಮಿಷದಲ್ಲಿ ಒರೆಸಿ ತೆಗೆಯಬಹುದಾದ ಬಣ್ಣ ತಂದಿತು. ಶಾಶ್ವತವೆಂಬ ಕಾರಣಕ್ಕೇ ಹಚ್ಚೆಯನ್ನು ಆಕ್ಷೇಪಿಸುತ್ತೇವೆ ಎನ್ನುವವರು ಈ ಲೆಕ್ಕವನ್ನು ವಿವರಿಸಬೇಕೆಂದು ನನ್ನ ಕೋರಿಕೆ. ಹೆಣ್ಣು ಗಂಡಿನ ಉಡುಗೆ ತೊಟ್ಟರೆ ದಿಟ್ಟತನವೆಂದೂ, ಗಂಡು ಹೆಣ್ಣಿನದೆನ್ನಿಸಿಕೊಂಡ ಬಣ್ಣ ಹಚ್ಚಿದರೆ ಪತನವೆಂದೂ ಕಾಣುವ ಮನಸ್ಸು, ಆಳದಲ್ಲಿ ಹೆಣ್ತನವನ್ನೇ ಕೀಳೆಂದು ಎಣಿಸಿದೆ. ನಮ್ಮಿಬ್ಬರ ನೋವಿನ ಬೇರು ಒಂದೇ ಎಂದು ನಾನು ನಂಬಿದ್ದೇನೆ.

ನೇಮಕಾತಿ ವಿಭಾಗದ ಉದ್ಯೋಗಿ

ತಾಯಿಯವರ ಪರೀಕ್ಷೆಯಲ್ಲಿ ಒಂದು ಕೊರತೆ ನನಗೆ ಕೆಲಸದಲ್ಲಿಯೇ ಗೊತ್ತಾಯಿತು. ನಾನು ಹಿಂದೆ ಇದ್ದ ಸಂಸ್ಥೆಯೊಂದರಲ್ಲಿ ‘ಸಿಬ್ಬಂದಿಯ ಹಚ್ಚೆ ಹೊರಗೆ ಕಾಣಬಾರದು’ ಎಂಬ ನಿಯಮವಿತ್ತು. ಗಂಡು, ಹೆಣ್ಣು ಎಂಬ ಮಾತೇ ಅದರಲ್ಲಿರಲಿಲ್ಲ. ಅದಲುಬದಲು ಮಾಡಿದರೂ ನಿಯಮ ಹಾಗೆಯೇ ಉಳಿಯುತ್ತಿತ್ತು. ಆದರೆ ಗಂಡಸರ ಸಮವಸ್ತ್ರ ತುಂಬುತೋಳಿನ ಅಂಗಿ ಮತ್ತು ಪ್ಯಾಂಟು, ಹೆಂಗಸರದು ಗಿಡ್ಡ ತೋಳು ಮತ್ತು ಮೊಣಕಾಲಿನವರೆಗಿನ ಸ್ಕರ್ಟು. ಮುಂದೋಳಿನ ತುಂಬ ಹಚ್ಚೆಯಿದ್ದ ಗಂಡಸು ಗುಂಡಿ ಹಾಕಿಕೊಂಡು ನಿಶ್ಚಿಂತೆಯಿಂದ ಕೆಲಸ ಮಾಡುತ್ತಿದ್ದ. ಕಣಕಾಲಿನ ಮೇಲೆ ಬೆರಳಗಲದ ಹಕ್ಕಿಯಿದ್ದ ಹೆಂಗಸಿಗೆ ಎರಡು ಸಲ ಎಚ್ಚರಿಕೆ ಪತ್ರ ಹೋಯಿತು. ಅವುಗಳಲ್ಲಿ ಒಂದಕ್ಕೆ ನಾನೇ ಸಹಿ ಹಾಕಿದ್ದೆ. ನಿಯಮ ಎಲ್ಲರಿಗೂ ಸಮನೆಂದು ಆಗ ಮನಸಾರೆ ನಂಬಿದ್ದೆ, ಅದಕ್ಕಾಗಿ ಇಂದಿಗೂ ಬೇಸರವಿದೆ. ಸಮವಸ್ತ್ರದಲ್ಲಿ ಮೊದಲೇ ಅಡಗಿದ್ದ ತಾರತಮ್ಯವನ್ನು ಆ ಸಮಾನ ನಿಯಮ ಹೊರಗೆಳೆದು ಶಿಕ್ಷೆಯನ್ನಾಗಿ ಮಾಡಿತು. ಆದ್ದರಿಂದ ನಿಯಮದ ಮಾತನ್ನು ಅದಲುಬದಲು ಮಾಡಿದರೆ ಸಾಲದು, ಅದರ ಪೆಟ್ಟು ಯಾರ ಮೇಲೆ ಎಷ್ಟು ಬೀಳುತ್ತದೆ ಎಂಬುದನ್ನೂ ಅಳೆಯಬೇಕು.

ಕಾನೂನು ಓದುತ್ತಿರುವವಳು

ಮೇಲಿನ ಮಾತಿಗೆ ಅಮೆರಿಕದ ಎರಡು ತೀರ್ಪುಗಳು ಹೊಂದುತ್ತವೆ. ಆನ್ ಹಾಪ್ಕಿನ್ಸ್ ಎಂಬ ಅಧಿಕಾರಿ ಲೆಕ್ಕಪರಿಶೋಧನಾ ಸಂಸ್ಥೆಯೊಂದರಲ್ಲಿ ಪಾಲುದಾರಿಕೆ ಪಡೆಯಬೇಕಾಗಿದ್ದವರು. ಅದು ಸಿಗದಾಗ, ಇನ್ನಷ್ಟು ಹೆಣ್ಣಿನಂತೆ ನಡೆಯಿರಿ, ಮಾತನಾಡಿ, ಉಡುಪು ತೊಡಿ, ಪ್ರಸಾಧನ ಮಾಡಿಕೊಳ್ಳಿ ಎಂಬ ಸಲಹೆ ಅವರಿಗೆ ಬಂತು. ಹೆಣ್ಣು ಹೀಗೇ ಇರಬೇಕೆಂಬ ಸಿದ್ಧಚಿತ್ರದ ಮೇಲೆ ಉದ್ಯೋಗದ ನಿರ್ಧಾರ ಕೈಗೊಳ್ಳುವುದೂ ಲಿಂಗ ತಾರತಮ್ಯವೇ ಎಂಬ ನಿಲುವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1989ರಲ್ಲಿ ಆ ಪ್ರಕರಣದಲ್ಲಿ ತಳೆಯಿತು.

ಎರಡನೆಯದು 2006ರದು. ಡಾರ್ಲೀನ್ ಜೆಸ್ಪರ್ಸನ್ ಎಂಬಾಕೆ ಜೂಜುಕೇಂದ್ರವೊಂದರ ಪಾನಗೃಹದಲ್ಲಿ ಸುಮಾರು ಇಪ್ಪತ್ತು ವರ್ಷ ಕೆಲಸ ಮಾಡಿದ್ದರು. ಹೆಂಗಸರು ಪ್ರಸಾಧನ ಮಾಡಿಕೊಳ್ಳಲೇಬೇಕು, ಗಂಡಸರು ಮಾಡಿಕೊಳ್ಳಕೂಡದು ಎಂಬ ಹೊಸ ನಿಯಮವನ್ನು ಪಾಲಿಸಲು ಒಪ್ಪದೆ ಕೆಲಸ ಕಳೆದುಕೊಂಡರು. ಆ ನಿಯಮದಿಂದ ಹೆಂಗಸರಿಗೆ ಹೆಚ್ಚಿನ ಹೊರೆ ಬಿತ್ತೆಂಬುದಕ್ಕೆ ಸಾಕ್ಷ್ಯ ಸಾಲದು ಎಂದು ಮೇಲ್ಮನವಿ ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿತು. ಪ್ರತಿದಿನ ಬೆಳಗ್ಗೆ ಕನ್ನಡಿಯ ಮುಂದೆ ಕಳೆಯುವ ಸಮಯ, ಪ್ರಸಾಧನಕ್ಕೆ ಆಗುವ ಖರ್ಚು, ಬೇಡದ ಮುಖವೊಂದನ್ನು ಹೊತ್ತು ನಿಲ್ಲುವ ಸಂಕಟ, ಇವೆಲ್ಲ ಕಾಗದದ ಮೇಲೆ ಸಾಬೀತಾಗಬೇಕಿತ್ತು. ಮೊದಲ ತೀರ್ಪು ಓದಿದಾಗ ಆದ ಸಂತೋಷ ಎರಡನೆಯದನ್ನು ಓದುವಾಗ ನನ್ನಲ್ಲಿ ಉಳಿಯಲಿಲ್ಲ.

ನಿವೃತ್ತ ಅಧ್ಯಾಪಕ

ಕಲಾವಿದೆಯವರ ಉತ್ತರವನ್ನು ಎರಡು ಸಲ ಓದಿದೆ. ಅರ್ಥ ಹೇಳುವ ಹಕ್ಕು ಧರಿಸಿದವರದು ಎಂಬ ಮಾತು ನನ್ನ ವ್ಯಾಕರಣದ ಹೋಲಿಕೆಗಿಂತ ಮುಂದಕ್ಕೆ ಹೋಗಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಭಾಷೆಯ ವ್ಯಾಕರಣವನ್ನು ಆಡುವವರೇ ಕಟ್ಟುತ್ತಾರೆ, ಪಕ್ಕದಲ್ಲಿ ನಿಂತು ಕೇಳುವವರಲ್ಲ.

ಆದರೂ ಒಂದು ಮಾತನ್ನು ಬಿಟ್ಟುಕೊಡಲಾರೆ. ಹೆಣ್ಣುಮಗುವಿನ ಬಗ್ಗೆ ಹೆತ್ತವರಿಗೆ ಹೆಚ್ಚು ಭಯವಾಗುವುದನ್ನೆಲ್ಲ ಪೂರ್ವಗ್ರಹವೆನ್ನಬೇಡಿ. ಜಗತ್ತು ಅವಳನ್ನು ಹೆಚ್ಚು ಕಠಿಣವಾಗಿ ನೋಡುತ್ತದೆಂಬುದು ಇಲ್ಲಿ ಎಲ್ಲರೂ ಒಪ್ಪಿದ ಸಂಗತಿ. ಹಾಗಿರುವಾಗ ಆ ಕಾಠಿಣ್ಯದಿಂದ ಅವಳನ್ನು ಕಾಪಾಡಲು ಯತ್ನಿಸುವ ತಾಯಿ ತಪ್ಪಿತಸ್ಥಳಲ್ಲ.

ಹಚ್ಚೆ ಕಲಾವಿದೆ

ಭಯ ತಪ್ಪಲ್ಲ, ಗುರುಗಳೇ. ಆದರೆ ಮಗಳಿಗೆ ಹೊರಗಿನವರು ನಾಳೆ ಆಡಬಹುದಾದ ಮಾತನ್ನು ಇಂದೇ ಮನೆಯೊಳಗೆ ಮೊದಲು ಆಡಿದವರು ನಾವಾದರೆ, ಕಾಪಾಡಿದಂತಾಯಿತೇ? ನನ್ನ ತಾಯಿಯೂ ಹೀಗೆಯೇ ಭಯಪಟ್ಟವರು. ನನಗೆ ದಾರಿಹೋಕರ ಮಾತು ಒಂದೂ ನೆನಪಿಲ್ಲ, ಅಮ್ಮನ ಮಾತು ಅಕ್ಷರಶಃ ನೆನಪಿದೆ.

ಅಂದಹಾಗೆ, ಜಗತ್ತು ನಾವು ಎಣಿಸಿದಷ್ಟು ನಿಂತಲ್ಲೇ ನಿಂತಿಲ್ಲ. ಪ್ಯೂ ಸಂಶೋಧನಾ ಕೇಂದ್ರದ 2023ರ ಸಮೀಕ್ಷೆಯ ಪ್ರಕಾರ ಅಮೆರಿಕದ ವಯಸ್ಕ ಹೆಂಗಸರಲ್ಲಿ ಶೇ 38 ಮಂದಿಗೆ ಹಚ್ಚೆಯಿದೆ, ಗಂಡಸರಲ್ಲಿ ಶೇ 27 ಮಂದಿಗೆ. ಹಚ್ಚೆ ಗಂಡಸರದ್ದೆಂಬ ಮಾತು ಅಲ್ಲಿ ಲೆಕ್ಕಕ್ಕೂ ನಿಲ್ಲುವುದಿಲ್ಲ.

ಚರ್ಚೆ ಆರಂಭಿಸಿದವರು: ಇಬ್ಬರು ಮಕ್ಕಳ ತಾಯಿ

ಪ್ರತಿಯೊಂದು ಉತ್ತರವನ್ನೂ ಓದಿದ್ದೇನೆ. ನೇಮಕಾತಿ ವಿಭಾಗದವರು ತೋರಿಸಿದ ಕೊರತೆಯನ್ನು ಒಪ್ಪಿ ನನ್ನ ಪರೀಕ್ಷೆಗೆ ಅವರ ಮಾತನ್ನೂ ಸೇರಿಸಿಕೊಂಡಿದ್ದೇನೆ. ಅಧ್ಯಾಪಕರು ನನ್ನ ಪರವಾಗಿ ಆಡಿದ ಮಾತಿಗೆ ಕೃತಜ್ಞಳು, ಆದರೆ ಕಲಾವಿದೆಯವರು ತಮ್ಮ ತಾಯಿಯ ಬಗ್ಗೆ ಬರೆದ ಸಾಲನ್ನು ಓದಿದ ಮೇಲೆ ಆ ರಕ್ಷಣೆಯ ಹಿಂದೆ ನಿಲ್ಲಲು ನನಗೆ ಮನಸ್ಸಾಗಲಿಲ್ಲ.

ನಿನ್ನೆ ರಾತ್ರಿ ಮಗಳ ಕೋಣೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ಕ್ಷಮಿಸಿದಳೋ ಇಲ್ಲವೋ ಇನ್ನೂ ತಿಳಿಯದು, ತೋಳನ್ನಂತೂ ಮುಂದೆ ಚಾಚಿದಳು. ಮೊಣಕೈ ಹತ್ತಿರ ಬಂದಂತೆ ನೋವು ಹೆಚ್ಚಾಯಿತಂತೆ.

ಅಲ್ಲೇ ಇದ್ದ ಮಗ ಒಂದು ಮಾತು ಹೇಳಿದ, ಅದನ್ನು ಇಲ್ಲಿ ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ. ಎರಡು ವರ್ಷಗಳ ಹಿಂದೆ ಅವನಿಗೆ ಬೇಕಾಗಿದ್ದದ್ದು ಹೂಬಿಟ್ಟ ಬಳ್ಳಿಯಂತೆ. ಗೆಳೆಯರು ‘ಅದು ಹುಡುಗಿಯರದ್ದು’ ಎಂದು ನಕ್ಕ ಕಾರಣಕ್ಕೆ, ಇಷ್ಟವಿಲ್ಲದಿದ್ದರೂ ಚೂಪುಗೆರೆಗಳ ವಿನ್ಯಾಸವನ್ನು ಹಾಕಿಸಿಕೊಂಡನಂತೆ. ನಾನು ಧೈರ್ಯವೆಂದು ಮೆಚ್ಚಿ ನಾಲ್ಕು ಜನರಿಗೆ ಫೋಟೋ ತೋರಿಸಿದ ಹಚ್ಚೆ ಅದು. ಅದನ್ನೇಕೆ ಆರಿಸಿಕೊಂಡೆಯೆಂದು ಈ ಎರಡು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈಗ ಇನ್ನೊಂದು ತೋಳಿಗೆ ಆ ಬಳ್ಳಿಯನ್ನು ಹಾಕಿಸಿಕೊಳ್ಳಬೇಕೆಂದಿದ್ದಾನೆ.

‘ಇದು ಸಾಯುವ ತನಕ ಹೋಗುವುದಿಲ್ಲ, ಯೋಚಿಸಿದ್ದೀಯಾ?’ ಎಂದು ಅವನನ್ನು ನಾನು ಮೊದಲ ಬಾರಿಗೆ ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿ ಉತ್ತರ ಕೊಟ್ಟ. ಮಗಳು ಕಾಗದ ತೆಗೆದುಕೊಂಡು ಎಲೆಗಳು ಎಲ್ಲಿಂದ ಶುರುವಾಗಬೇಕೆಂದು ಗೆರೆ ಎಳೆಯತೊಡಗಿದಳು.